ಡಾಕ್ಟರ್ ಸೀಟು ಮತ್ತು ಮೀಸಲಾತಿ



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸಂಘಗಳಲ್ಲಿ ನಾವು ಕೇಳುವ ಪ್ರಶ್ನೆ: “ಮೀಸಲಾತಿ ಡಾಕ್ಟರಿಗೆ ವಿದ್ಯೆ ಕಡಿಮಿ ಏನ್ರೀ ಸಿಸ್ಟರ್?” ಇಲ್ಲ. ಸೀಟಿಗೆ ಅಂಕ ತುಸು ಕಡಿಮೆ ಇರಬಹುದು, ಎಂ.ಬಿ.ಬಿ.ಎಸ್. ಪರೀಕ್ಷೆ ಎಲ್ಲರಿಗೂ ಒಂದೇ.

ಈ ವಾದ ಹಳೆಯದು. 1962ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳಲ್ಲಿ ಶೇ. 68 ಮೀಸಲಿಟ್ಟಿತು. ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಮೀಸಲಾತಿಯೇ ತಪ್ಪೆಂದಲ್ಲ, ಜಾತಿಯೊಂದೇ ಅಳತೆಯಾಗಬಾರದು, ಸಾಮಾನ್ಯವಾಗಿ ಅರ್ಧ ಮೀರಬಾರದು ಎಂದಿತು.

ಹಳ್ಳಿಯಲ್ಲಿ ಓದುವುದೂ ಒಂದು ಅಡ್ಡಿಯೇ. ಅದಕ್ಕಾಗಿ ರಾಜ್ಯದ ಸರ್ಕಾರಿ ಕೋಟಾದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು. 1ರಿಂದ 10ನೇ ತರಗತಿ ಪೂರ್ತಿ ಹಾಗೆ ಓದಿರಬೇಕು. ಮಗಳನ್ನು ಪಟ್ಟಣದ ಹೈಸ್ಕೂಲಿಗೆ ಹಾಕೋ ಮುಂಚೆ ಇದನ್ನು ಯೋಚಿಸಿ. ವ್ಯಾಸಂಗ ಪ್ರಮಾಣಪತ್ರ, ಜಾತಿ-ಆದಾಯ ಪತ್ರ ಜೋಪಾನವಾಗಿಡಿ. ಇದು ಭಿಕ್ಷೆಯಲ್ಲ, ಹಕ್ಕು.