ಡಿಜಿಟಲ್ ಲೇಖನಿ ಮತ್ತು ಮನೆಯ ಹಳೆಯ ಭಾವಚಿತ್ರಗಳು

ಛಾಯಾಚಿತ್ರವನ್ನು ಕೈಯಿಂದ ತಿದ್ದುವ ಕಲೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ (1844–1905) ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸುತ್ತಿದ್ದ ಕಾಲದಲ್ಲಿ ಚಿತ್ರಗಳು ಗಾಜಿನ ನೆಗೆಟಿವ್‌ಗಳ ಮೇಲೆ ಮೂಡುತ್ತಿದ್ದವು. ಮೊನಚಾದ ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಸೂಕ್ಷ್ಮ ಗೆರೆಗಳನ್ನೆಳೆದು ಮುಖದ ಕಲೆಗಳನ್ನು ಮರೆಸುವುದು ಅಂದಿನ ಸ್ಟುಡಿಯೋಗಳಲ್ಲಿ ರೂಢಿಯಾಗಿದ್ದ ಕಸುಬು. ಮೌಸಿನ ಕಾಲದಲ್ಲಿ ಈ ಕೆಲಸದಿಂದ ದೂರವಾಗಿದ್ದ ಬೆರಳ ಹಿಡಿತವನ್ನು ಮರಳಿ ತಂದುಕೊಟ್ಟ ಸಾಧನವೇ ಡ್ರಾಯಿಂಗ್ ಟ್ಯಾಬ್ಲೆಟ್.

ಇದು ಲೇಖನಿಯ ಚಲನೆಯನ್ನು ಕಂಪ್ಯೂಟರಿಗೆ ತಿಳಿಸುವ ಒಂದು ಚಪ್ಪಟೆ ಹಲಗೆ. ಹಲಗೆಯ ಅಡಿಯಲ್ಲಿರುವ ತಂತಿಗಳ ಜಾಲ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಲೇಖನಿಯೊಳಗಿನ ಸುರುಳಿ ಅದರಿಂದಲೇ ಶಕ್ತಿ ಪಡೆದು ಮರುಸಂಕೇತ ನೀಡುವುದರಿಂದ ಅನೇಕ ಮಾದರಿಗಳ ಲೇಖನಿಗೆ ಬ್ಯಾಟರಿಯೇ ಬೇಕಾಗುವುದಿಲ್ಲ. ಮೌಸಿಗಿಂತ ಇದರ ಕ್ರಮ ಬೇರೆ. ಹಲಗೆಯ ಪ್ರತಿಯೊಂದು ಬಿಂದುವೂ ಪರದೆಯ ಒಂದು ನಿಶ್ಚಿತ ಬಿಂದುವಿಗೆ ಹೊಂದಿಕೊಂಡಿರುವ ಕಾರಣ, ಕೈ ಒಂದು ಕಡೆ ಮತ್ತು ಕಣ್ಣು ಇನ್ನೊಂದು ಕಡೆ ಇರುವ ಈ ಅಭ್ಯಾಸ ಮೊದಲ ಕೆಲವು ದಿನ ತೊಡಕೆನಿಸಿ ಕ್ರಮೇಣ ಸಹಜವಾಗುತ್ತದೆ.

ಟ್ಯಾಬ್ಲೆಟ್‌ಗಳಲ್ಲಿ ಪರದೆಯಿಲ್ಲದವು ಮತ್ತು ಪರದೆಯ ಮೇಲೆಯೇ ಬರೆಯಬಹುದಾದವು ಎಂಬ ಎರಡು ಬಗೆಗಳಿವೆ. ಎರಡನೆಯದರ ಬೆಲೆ ಹಲವು ಪಟ್ಟು ಹೆಚ್ಚಾದ್ದರಿಂದ ಹೊಸಬರಿಗೆ ಮೊದಲನೆಯದೇ ಸಾಕು. ಫೋಟೋ ತಿದ್ದುವ ಕೆಲಸ ಬಹುಮಟ್ಟಿಗೆ ಮಣಿಕಟ್ಟಿನ ಸಣ್ಣ ಚಲನೆಯಿಂದ ನಡೆಯುವುದರಿಂದ 6×4 ಇಂಚಿನ ಹಲಗೆ ಸಾಲುತ್ತದೆ. ದೊಡ್ಡ ರೇಖಾಚಿತ್ರ ಬರೆಯುವವರು ಮೊಣಕೈಯಿಂದ ಗೆರೆ ಎಳೆಯಬೇಕಾದ ಕಾರಣ 10×6 ಇಂಚಿನದನ್ನು ನೋಡಬಹುದು. ಲೇಖನಿಯ ಒತ್ತಡವನ್ನು ಹಲಗೆ ಗುರುತಿಸುವ ಮಟ್ಟಗಳು 2,048 ಇದ್ದರೂ 8,192 ಇದ್ದರೂ ಕಲಿಯುವ ಕೈಗೆ ವ್ಯತ್ಯಾಸ ಹೆಚ್ಚಾಗಿ ತಿಳಿಯುವುದಿಲ್ಲವಾದ್ದರಿಂದ, ಆ ಅಂಕಿಗಿಂತ ಮೃದುವಾಗಿ ಒತ್ತಿದಾಗ ಗೆರೆ ತುಂಡಾಗದೆ ಮೂಡುವುದೇ, ಬದಲಿ ಮೊನೆಗಳು ಸಿಗುತ್ತವೆಯೇ, ತಮ್ಮ ಕಂಪ್ಯೂಟರಿಗೆ ಹೊಂದುವ ಡ್ರೈವರ್ (ಹಲಗೆಯನ್ನು ನಡೆಸುವ ತಂತ್ರಾಂಶ) ಇದೆಯೇ ಎಂಬುದನ್ನು ವಿಚಾರಿಸುವುದು ಮುಖ್ಯ. ಸಿಕಂದರಾಬಾದಿನ ಪಾರ್ಕ್ ಲೇನ್‌ನಲ್ಲಿರುವ ಚಿನಾಯ್ ಟ್ರೇಡ್ ಸೆಂಟರಿನಂತಹ ಕಂಪ್ಯೂಟರ್ ಮಾರುಕಟ್ಟೆಗೆ ಹೋಗುವವರು, ಅಂಗಡಿಯವರು ಒಪ್ಪಿದರೆ, ಅಲ್ಲಿಯೇ ಒಂದು ವೃತ್ತ ಬರೆದು ನೋಡಬೇಕು. ಹಲಗೆಯ ಮತ್ತು ಪರದೆಯ ಅಗಲ-ಎತ್ತರಗಳ ಪ್ರಮಾಣ ಹೊಂದದಿದ್ದರೆ ವೃತ್ತ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಇದನ್ನು ಡ್ರೈವರಿನ ಸೆಟ್ಟಿಂಗ್‌ನಲ್ಲಿ ಸರಿಪಡಿಸಬಹುದು.

ತಂತ್ರಾಂಶದ ಆಯ್ಕೆಯಲ್ಲಿಯೂ ಸರಳತೆ ಹಿತ. 1990ರಲ್ಲಿ ಮೊದಲ ಆವೃತ್ತಿ ಕಂಡ ಅಡೋಬಿ ಫೋಟೋಶಾಪ್ ವೃತ್ತಿಪರರ ಮುಖ್ಯ ಸಾಧನವಾಗಿದ್ದು, ಈಗ ಚಂದಾ ಕಟ್ಟಿ ಬಳಸಬೇಕಾಗಿದೆ. 1996ರಲ್ಲಿ ಹೊರಬಂದ ಗಿಂಪ್ ಮತ್ತು ಚಿತ್ರರಚನೆಗೆಂದೇ ರೂಪುಗೊಂಡ ಕ್ರಿತಾ ಎಂಬ ಮುಕ್ತ ತಂತ್ರಾಂಶಗಳನ್ನು ಉಚಿತವಾಗಿ ಪಡೆಯಬಹುದು. ಯಾವುದನ್ನೇ ಆರಿಸಿದರೂ ಮೂಲತತ್ತ್ವಗಳು ಒಂದೇ ಆಗಿರುವುದರಿಂದ ಒಂದರಲ್ಲಿ ಪಳಗಿದವರಿಗೆ ಇನ್ನೊಂದು ಕಷ್ಟವಾಗದು.

ಆ ತತ್ತ್ವಗಳಲ್ಲಿ ಮೊದಲನೆಯದು ಪದರ, ಅಂದರೆ ಲೇಯರ್. ಫೋಟೋದ ಮೇಲೆ ಪಾರದರ್ಶಕ ಹಾಳೆಗಳನ್ನು ಜೋಡಿಸಿ, ತಿದ್ದುಪಡಿಯನ್ನು ಆ ಹಾಳೆಗಳ ಮೇಲೆ ಮಾತ್ರ ಮಾಡಿದಂತೆ ಇದನ್ನು ಭಾವಿಸಬಹುದು. ಎರಡನೆಯದು ಮಾಸ್ಕ್: ಬಿಳಿ ಬಳಿದಲ್ಲಿ ಪದರ ಕಾಣುತ್ತದೆ, ಕಪ್ಪು ಬಳಿದಲ್ಲಿ ಮರೆಯಾಗುತ್ತದೆ, ಏನೂ ಅಳಿದುಹೋಗುವುದಿಲ್ಲ. ಕೂದಲಿನ ಅಂಚಿನಂತಹ ನಾಜೂಕಾದ ಕಡೆ ಬಣ್ಣ ಹಗುರವಾಗಿ ಕೂರಬೇಕಾಗುವುದರಿಂದ, ಒತ್ತಡವನ್ನು ಅರಿಯುವ ಲೇಖನಿಯ ಬೆಲೆ ತಿಳಿಯುವುದು ಇಲ್ಲಿಯೇ. ಕ್ಲೋನ್ ಉಪಕರಣ ಒಂದು ಭಾಗವನ್ನು ಇದ್ದಂತೆಯೇ ಇನ್ನೊಂದೆಡೆ ನಕಲಿಸಿದರೆ, ಹೀಲ್ ಉಪಕರಣ ಅದನ್ನು ಸುತ್ತಲಿನ ಬೆಳಕು ಮತ್ತು ಬಣ್ಣಕ್ಕೆ ಹೊಂದಿಸುತ್ತದೆ. ಮೊದಲು ಚಿತ್ರವನ್ನು ನೇರಗೊಳಿಸಿ, ಬಳಿಕ ಬೆಳಕು-ನೆರಳು ಮತ್ತು ಬಣ್ಣವನ್ನು ಸರಿಪಡಿಸಿ, ಕೊನೆಗೆ ಗೀರು-ಚುಕ್ಕೆಗಳಿಗೆ ಕೈಹಾಕುವ ಕ್ರಮ ಹೊಸಬರಿಗೆ ಸುಲಭವಾಗುತ್ತದೆ.

ಕಲಿಕೆಗೆ ವಸ್ತುವನ್ನು ಹುಡುಕಿ ದೂರ ಹೋಗಬೇಕಿಲ್ಲ. ಬೀದರ, ಕಲಬುರಗಿ, ರಾಯಚೂರು ಸೀಮೆಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ಹೈದರಾಬಾದ್ ನಗರದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಬೇರುಗಳು ಹಳೆಯವು. ಮನೆಯ ಟ್ರಂಕಿನಲ್ಲಿ ಅಂಚು ಹರಿದ, ಮಾಸಿದ ಭಾವಚಿತ್ರವೊಂದು ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ. ಅದನ್ನು 600 ಡಿಪಿಐ (ಇಂಚಿಗೆ 600 ಬಿಂದು) ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿದರೆ 4×6 ಇಂಚಿನ ಪ್ರತಿಗೆ 2400×3600 ಪಿಕ್ಸೆಲ್ ವಿವರ ದೊರೆಯುತ್ತದೆ. ಜೆಪೆಗ್ ರೂಪದ ಕಡತ ಪ್ರತಿ ಬಾರಿ ತಿದ್ದಿ ಉಳಿಸಿದಾಗಲೂ ಸ್ವಲ್ಪ ವಿವರ ಕಳೆದುಕೊಳ್ಳುವುದರಿಂದ ಟಿಫ್ ರೂಪದಲ್ಲಿ ಉಳಿಸುವುದು ಕ್ಷೇಮ.

ಗೀರನ್ನು ಅಳಿಸುವುದು ದುರಸ್ತಿ. ಅಳಿದುಹೋದ ಕಣ್ಣನ್ನೋ ತುಟಿಯನ್ನೋ ಊಹೆಯಿಂದ ಬರೆಯುವುದು ಹಿರಿಯರ ಮುಖವನ್ನೇ ಬದಲಿಸುವ ಕೆಲಸ. ಈ ಎರಡರ ನಡುವಿನ ಗೆರೆಯನ್ನು ಯಾವ ತಂತ್ರಾಂಶವೂ ಹಾಕಿಕೊಡುವುದಿಲ್ಲ, ಅದು ಲೇಖನಿ ಹಿಡಿದವರ ವಿವೇಕಕ್ಕೆ ಬಿಟ್ಟದ್ದು. ಆದ್ದರಿಂದ ಕಲಿಯುವವರು ತಿದ್ದಿದ ಪ್ರತಿಯ ಜೊತೆಗೆ ತಿದ್ದದ ಮೂಲ ಸ್ಕ್ಯಾನನ್ನೂ, ಚಿತ್ರದಲ್ಲಿರುವವರ ಹೆಸರು ಮತ್ತು ಊರನ್ನು ಬರೆದು, ಮುಂದಿನ ತಲೆಮಾರಿಗಾಗಿ ತಪ್ಪದೆ ಕಾದಿರಿಸಬೇಕು.