ಗಡಿ ದಾಟಿದರೆ ಇನ್ನೊಂದು ಶೈಕ್ಷಣಿಕ ಜಿಲ್ಲೆ

ಧಾರವಾಡದ ಹಳಬರಿಗೆ ಅದು ಇನ್ನೂ ಟ್ರೇನಿಂಗ್ ಕಾಲೇಜೇ. ಬೋರ್ಡಿನ ಮೇಲೆ ಮಾತ್ರ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್. ಮುಂಬೈ ಪ್ರಾಂತ್ಯದ ಕಾಲದಲ್ಲಿ ಕನ್ನಡ ಸಾಲಿಗಳಿಗೆ ಮಾಸ್ತರರನ್ನು ತಯಾರು ಮಾಡಿ ಕಳಿಸಿದ ಜಾಗ; ಕನ್ನಡ ಸಾಲಿಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರ ಹೆಸರು ತೆಗೆಯದೆ ಇದರ ಕತೆ ಹೇಳಲಾಗದು. ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿಯೂ ಇದೇ ಊರಿನಲ್ಲಿದೆ. ಬೆಳಗಾವಿ ವಿಭಾಗದಲ್ಲಿ ಕಂದಾಯ ಜಿಲ್ಲೆಗಳು 7, ಶೈಕ್ಷಣಿಕ ಜಿಲ್ಲೆಗಳು 9. ಬೆಳಗಾವಿಯಿಂದ ಚಿಕ್ಕೋಡಿಯನ್ನೂ ಉತ್ತರ ಕನ್ನಡದಿಂದ ಶಿರಸಿಯನ್ನೂ ಬೇರೆ ಮಾಡಿದ್ದಾರೆ. ಒಂಬತ್ತರ ಕಡತಗಳೂ ಇಲ್ಲಿಗೇ ಬರಬೇಕು. ಆ ಕಡತಗಳಲ್ಲಿರುವ ಮಕ್ಕಳ ಪೈಕಿ ತೀರಾ ಅಂಚಿನಲ್ಲಿರುವವರು ಹೇಗೆ ಕಲಿಯುತ್ತಾರೆ ಎಂದು ನೋಡಲು ನಾನು ಹೊರಟಿದ್ದು.

ಹುಬ್ಬಳ್ಳಿ ರಸ್ತೆಯಲ್ಲಿ ರಾಯಾಪುರ ಸಿಗುತ್ತದೆ. ಅವಳಿ ನಗರದ ಸರ್ಕಾರಿ ಶಾಲೆಗಳಿಗೆ ಬಿಸಿಯೂಟ ಕಳಿಸುವ ಅಕ್ಷಯಪಾತ್ರದ ದೊಡ್ಡ ಅಡುಗೆಮನೆ ಇಲ್ಲಿದೆ. ಅಲ್ಲಿಂದ ಹುಬ್ಬಳ್ಳಿ, ಆಮೇಲೆ ಕಾರವಾರ ರಸ್ತೆ. ಅಂಚಟಗೇರಿ ದಾಟಿ ಕಲಘಟಗಿ. ಬಣ್ಣದ ತೊಟ್ಟಿಲಿಗೆ ಹೆಸರಾದ ಈ ಸಣ್ಣ ಪಟ್ಟಣದಲ್ಲಿ ತಾಲ್ಲೂಕಿನ ಶಾಲೆಗಳ ಉಸ್ತುವಾರಿಗೆ ಬಿಇಒ ಕಚೇರಿ. ಅಲ್ಲಿಂದ ಮುಂದೆ ನೆಲದ ಬಣ್ಣವೇ ಬದಲಾಗುತ್ತದೆ. ಎರೆಹೊಲ ಹಿಂದೆ ಬಿದ್ದು ಭತ್ತದ ಗದ್ದೆ, ಸಾಗವಾನಿ, ಅಡವಿ. ಅಡವಿಯ ಸೆರಗಿನಲ್ಲಿ ದನ ಸಾಕುವ ಗೌಳಿಗರ ದಡ್ಡಿಗಳು, ಅಲ್ಲಲ್ಲಿ ಸಿದ್ದಿಯರ ಮನೆಗಳು.

ಅಂಥದೊಂದು ಊರಿನ ಸರ್ಕಾರಿ ಶಾಲೆಯ ನಲಿಕಲಿ ಕೋಣೆ. ಒಂದರಿಂದ ಮೂರನೇ ಇಯತ್ತೆಯ ಮಕ್ಕಳೆಲ್ಲ ಒಟ್ಟಿಗೇ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಹಾಳೆಗಳು. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ, ಕೂತಲ್ಲೇ ಬರೆಯಲಿಕ್ಕೆ. ಗೌಳಿಗರ ಹುಡುಗಿಯೊಬ್ಬಳು ಕಲಿಕಾ ಏಣಿಯ ಚಾರ್ಟಿನ ಮುಂದೆ ನಿಂತು ತನ್ನ ಮೆಟ್ಟಿಲನ್ನು ಬೆರಳಿನಿಂದ ಹುಡುಕಿದಳು. ಅಲ್ಲಿದ್ದ ಚಿತ್ರ ನೋಡಿಕೊಂಡು, ಅದೇ ಚಿತ್ರದ ಕಾರ್ಡನ್ನು ಆರಿಸಿ ತಂದು ತನ್ನ ತಟ್ಟೆಯಲ್ಲಿ ಕೂತಳು. ತಟ್ಟೆ ಎಂದರೆ ಗುಂಪು. ಅಕ್ಕೋರು ಅವಳತ್ತ ತಿರುಗಿಯೂ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ.

ಈ ಪದ್ಧತಿಯ ಹೆಚ್ಚುಗಾರಿಕೆ ಇಲ್ಲಿದೆ. ದನದ ಹಿಂದೆ ಹದಿನೈದು ದಿನ ಹೋಗಿಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ; ‘ಪಾಠ ಮುಂದ ಹೋಗೇತಿ’ ಎನ್ನುವ ಮಾತೇ ಹುಟ್ಟುವುದಿಲ್ಲ. 1995ರ ಸುಮಾರಿಗೆ ನಲಿಕಲಿ ಶುರುವಾಗಿದ್ದು ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, ಜೇನುಕುರುಬರ ಹಾಡಿಗಳಿರುವ ತಾಲ್ಲೂಕಿನಲ್ಲಿ. ಆಂಧ್ರದ ರಿಷಿವ್ಯಾಲಿಯ ಪ್ರಯೋಗ ಅದಕ್ಕೆ ಮಾದರಿ. ಪೇಟೆಯ ಪಾಲಕರು ಇದನ್ನು ‘ಬರೇ ಆಟ’ ಎಂದು ಮೂಗು ಮುರಿಯುತ್ತಾರೆ. ಅವರು ಇಂಥ ಕೋಣೆಯಲ್ಲಿ ಅರ್ಧ ತಾಸು ಕೂತು ನೋಡಬೇಕು.

ಮಾತಿನ ತೊಡಕು ಮಾತ್ರ ಏಣಿಗೆ ನಿಲುಕುವುದಿಲ್ಲ. ಗೌಳಿಗರ ಮನೆಯಲ್ಲಿ ಮರಾಠಿಯ ಒಂದು ಬಗೆ, ಸಿದ್ದಿಯರಲ್ಲಿ ಬಹಳ ಮಂದಿಯ ಮನೆಯಲ್ಲಿ ಕೊಂಕಣಿ.

“ಮೊದಲ ಮೂರು ತಿಂಗಳು ನಾನ ಅವರ ಮಾತು ಕಲೀತೀನ್ರಿ. ಆಮ್ಯಾಲೆ ಅವರು ನನ್ನ ಮಾತು ಕಲೀತಾರ,” ಎಂದರು ಅಕ್ಕೋರು. ಇದಕ್ಕೆ ಯಾವ ಕೈಪಿಡಿಯೂ ಇಲ್ಲ.

ಮುಖ್ಯಗುರುಗಳ ಕೋಣೆಯಲ್ಲಿ ಬೇರೆಯದೇ ಪಾಠ. ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಮಗುವಿನ ಹೆಸರು ಏರಿಸಬೇಕು, ವಿದ್ಯಾರ್ಥಿವೇತನಕ್ಕೆ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರು ಬೇಕು. ಸಿದ್ದಿ ಮಕ್ಕಳ ಮಟ್ಟಿಗೆ ಆ ಪ್ರಮಾಣಪತ್ರದ ಹಿಂದೆ ಒಂದು ಕತೆಯೇ ಇದೆ. ಪೋರ್ತುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರು ತಪ್ಪಿಸಿಕೊಂಡು ಈ ಅಡವಿ ಸೇರಿದರು. ಸಿದ್ದಿಯರು ಅವರ ಸಂತತಿ. ಓಡಿಬಂದವರು ಜಿಲ್ಲೆಯ ಗಡಿ ನೋಡಿ ಮನೆ ಕಟ್ಟಲಿಲ್ಲ. ಸರ್ಕಾರ ನೋಡಿತು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದವರು ಉತ್ತರ ಕನ್ನಡದ ಸಿದ್ದಿಯರು ಮಾತ್ರ. ಧಾರವಾಡ, ಬೆಳಗಾವಿ ಜಿಲ್ಲೆಗಳವರನ್ನು ಸೇರಿಸಲು ಸಂಸತ್ತು ಒಪ್ಪಿದ್ದು 2020ರಲ್ಲಿ. ಅಲ್ಲಿಯವರೆಗೆ ಯಲ್ಲಾಪುರ ತಾಲ್ಲೂಕಿನಲ್ಲಿರುವ ಅತ್ತೆಯ ಮಕ್ಕಳು ಪಂಗಡದವರು, ಕಲಘಟಗಿ ತಾಲ್ಲೂಕಿನ ಸೋದರಳಿಯಂದಿರು ಅಲ್ಲ! ಹದಿನೇಳು ವರ್ಷ ಎಂದರೆ 2003ರಲ್ಲಿ ಹುಟ್ಟಿದ ಮಗು ಪಿಯುಸಿಗೆ ಬರುವಷ್ಟು ಕಾಲ. ಅಷ್ಟೂ ಓದು ಪಂಗಡದ ಸವಲತ್ತಿಲ್ಲದೆ ನಡೆಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದ ಮೊದಲ ಶಾಸಕರಾಗಿ. ಗೌಳಿಗರು ಪಂಗಡದ ಮಾನ್ಯತೆಗಾಗಿ ಇನ್ನೂ ಅರ್ಜಿ ಹಿಡಿದು ಅಲೆಯುತ್ತಲೇ ಇದ್ದಾರೆ.

ಅದೇ ರಸ್ತೆಯಲ್ಲಿ ಮುಂದೆ ಹೋದರೆ ಕಿರವತ್ತಿ, ಯಲ್ಲಾಪುರ ತಾಲ್ಲೂಕು. ಅಡವಿ ಅದೇ, ಸಂತೆಗೆ ಬರುವ ಜನರೂ ಅವರೇ. ಶಾಲೆಯ ಬೋರ್ಡಿನಲ್ಲಿ ಮಾತ್ರ ಶಿರಸಿ ಶೈಕ್ಷಣಿಕ ಜಿಲ್ಲೆ. ದೊಡ್ಡ ಪೇಟೆ ಬೇಕೆಂದರೆ ಇವರಿಗೆ ಹುಬ್ಬಳ್ಳಿಯೇ ಹತ್ತಿರ, ಕಡತ ಹೋಗುವುದು ಶಿರಸಿಗೆ. ಬುಡಕಟ್ಟು ಮಕ್ಕಳ ಆಶ್ರಮ ಶಾಲೆಗಳದ್ದು ಇನ್ನೊಂದು ಇಲಾಖೆ.

ನಾನು ಹಿಂದಿರುಗುವ ಹೊತ್ತಿಗೆ ಕಲಘಟಗಿ ಕಡೆಯ ಆ ಶಾಲೆಗೆ ಒಬ್ಬ ಸಿದ್ದಿ ತಂದೆ ಬಂದಿದ್ದರು, ಮಗನ ಹೈಸ್ಕೂಲಿನ ವಿಚಾರಕ್ಕೆ.

“ಯಲ್ಲಾಪುರಕ್ಕ ಹಾಸ್ಟೆಲ್ ಸಿಕ್ಕರ ಅಲ್ಲೇ ಹಾಕ್ರಿ,” ಎಂದರು ಮುಖ್ಯಗುರುಗಳು. “ಇಲ್ಲಂದ್ರ ಕಲಘಟಗಿ. ಬಸ್ ಪಾಸ್ ಮಾಡಸೂಣು. ಸರ್ಟಿಫಿಕೇಟಿನ ಝೆರಾಕ್ಸ್ ಎರಡು ತಂದಿಟ್ಟಿರ್ರಿ.”

ತಂದೆ ಅಂಗಿಯ ಜೇಬಿನಿಂದ ನಾಲ್ಕು ತೆಗೆದು ಮೇಜಿನ ಮೇಲಿಟ್ಟರು.