ಹಬ್ ಮತ್ತು ಸ್ಮಾರ್ಟ್ ದೀಪ: ಮೊದಲು ಸ್ವಿಚ್ ಬೋರ್ಡ್ ನೋಡಿ

ಹೋಮ್ ಆಟೊಮೇಷನ್ ಹಬ್ ಎಂದರೆ ಮನೆಯ ಸ್ಮಾರ್ಟ್ ದೀಪ, ಪ್ಲಗ್, ಸೆನ್ಸರ್‌ಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಪುಟ್ಟ ಪೆಟ್ಟಿಗೆ. ಡೊಂಬಿವಲಿಯ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಎರಡು-ಮೂರು ವೈಫೈ ಬಲ್ಬ್ ಸಾಕಾದರೆ ಹಬ್ ಬೇಕಿಲ್ಲ. ದೀಪಗಳು ಹೆಚ್ಚಾದರೆ ಜಿಗ್‌ಬೀ ಎಂಬ ರೇಡಿಯೊ ಸಂಪರ್ಕ ಬಳಸುವ ಹಬ್ ಒಳ್ಳೆಯದು.

ಠಾಣೆ, ನವಿ ಮುಂಬೈ ಟವರ್‌ಗಳ ಕಾಂಕ್ರೀಟ್ ಗೋಡೆಗಳು ರೇಡಿಯೊ ಸಂಕೇತವನ್ನು ಕುಗ್ಗಿಸುತ್ತವೆ. ಜಿಗ್‌ಬೀ ಬಲ್ಬ್‌ಗಳು ಸಂಕೇತವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಹಾಲಿನಲ್ಲಿರುವ ಹಬ್‌ನ ಆಜ್ಞೆ ಪ್ಯಾಸೇಜಿನ ಬಲ್ಬ್ ಮೂಲಕ ಒಳಕೋಣೆ ಮುಟ್ಟುತ್ತದೆ. ಆದರೆ ಯಾರಾದರೂ ಗೋಡೆಯ ಸ್ವಿಚ್ ಆಫ್ ಮಾಡಿದರೆ ಆ ಕೊಂಡಿಯೇ ಕಳಚುತ್ತದೆ.

ಹಿರಿಯರು, ಮಕ್ಕಳಿರುವ ಮನೆಗೆ ಸ್ವಿಚ್ಚಿನ ಹಿಂದೆ ಕೂರುವ ರಿಲೇ ಮಾಡ್ಯೂಲೇ ಮೇಲು. ದೀಪ ಫೋನಿಗೂ ಬಗ್ಗುತ್ತದೆ, ಹಳೆಯ ಸ್ವಿಚ್ಚಿಗೂ ಬಗ್ಗುತ್ತದೆ. ಹೆಚ್ಚಿನ ಮಾಡ್ಯೂಲ್‌ಗಳಿಗೆ ನ್ಯೂಟ್ರಲ್ ತಂತಿ ಬೇಕು. ಪ್ಲಗ್ ಪಾಯಿಂಟ್ ಇರುವ ಬೋರ್ಡಿನಲ್ಲಿ ಅದು ಇದ್ದೇ ಇರುತ್ತದೆ. ಕಲ್ಯಾಣದ ಹಳೆಯ ಸೊಸೈಟಿಗಳಲ್ಲಿ ಬರೀ ಸ್ವಿಚ್ ಇರುವ ಬೋರ್ಡಿನಲ್ಲಿ ಇಲ್ಲದಿರಬಹುದು. 230 ವೋಲ್ಟ್‌ನ ಕೆಲಸ ಇದು. ಮೇನ್ ಆಫ್ ಮಾಡಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ತೆರೆಸಿ ನೋಡಬೇಕು.

ಬಲ್ಬ್ ಕೊಳ್ಳುವಾಗ ಹೋಲ್ಡರ್ ನೋಡಬೇಕು: ಇಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಪಿನ್ ಮಾದರಿಯ ಬಿ22. 2022ರಲ್ಲಿ ಬಂದ ಮ್ಯಾಟರ್ ಮಾನದಂಡದ ಗುರುತಿದ್ದರೆ ಬೇರೆ ಬೇರೆ ಕಂಪನಿಯ ಸಾಧನಗಳು ಹೊಂದಿಕೊಳ್ಳುವುದು ಸುಲಭ.

ಮಳೆಗಾಲದಲ್ಲಿ ನಡುರಾತ್ರಿ ಕರೆಂಟ್ ಹೋಗಿ ಬಂದರೆ ಎಷ್ಟೋ ಸ್ಮಾರ್ಟ್ ಬಲ್ಬ್‌ಗಳು ತಾವಾಗಿಯೇ ಪೂರ್ತಿ ಬೆಳಗುತ್ತವೆ. ಆ್ಯಪ್‌ನಲ್ಲಿ ‘ಹಿಂದಿನ ಸ್ಥಿತಿ’ ಎಂಬ ಆಯ್ಕೆ ಇದ್ದರೆ ಅದನ್ನು ಮೊದಲ ದಿನವೇ ಹಾಕಿಡಬೇಕು. ರೂಟರ್, ಹಬ್ ಎರಡನ್ನೂ ಒಂದು ಚಿಕ್ಕ ಯುಪಿಎಸ್‌ಗೆ ಜೋಡಿಸಿದರೆ, ಕರೆಂಟ್ ಬಂದ ಕೂಡಲೇ ದೀಪಗಳು ಮತ್ತೆ ಆಜ್ಞೆಗೆ ಸಿಗುತ್ತವೆ.